ಹೂವಿನ ಬಣ್ಣಕ್ಕೆ ಹೆಸರಿಟ್ಟ ರೈಖೆನ್‌ಬಾಖ್

ಮಲೆನಾಡಿನಿಂದ ಬಂದು ಮಹಾನಗರದಲ್ಲಿ ನೆಲೆಸಿದ ನಮ್ಮವರಿಗೆ ಸೀತಾಳೆದಂಡೆ ಅಪರಿಚಿತವೇನಲ್ಲ. ಮರದ ಕೊಂಬೆಯಿಂದ ಜಡೆಯಂತೆ ಇಳಿಬೀಳುವ ಆ ಹೂಗೊಂಚಲು ಆರ್ಕಿಡ್ ಕುಟುಂಬದ್ದು. ಅದರ ದೂರದ ಬಂಧುಗಳು ಇಂದು ನಮ್ಮ ಬಾಲ್ಕನಿಯ ಕುಂಡಗಳಲ್ಲಿಯೂ ಅರಳುತ್ತವೆ. ಇಂಥ ಗಿಡಗಳ ಲ್ಯಾಟಿನ್ ಹೆಸರುಗಳ ಪೈಕಿ ಅನೇಕವನ್ನು ಇಟ್ಟವರು ಜರ್ಮನಿಯ ಸಸ್ಯವಿಜ್ಞಾನಿ ಹೈನ್ರಿಖ್ ಗುಸ್ಟಾವ್ ರೈಖೆನ್‌ಬಾಖ್.

ಅವರು ಡ್ರೆಸ್ಡೆನ್ ನಗರದವರು. ತಂದೆಯೂ ಹೆಸರಾಂತ ಸಸ್ಯವಿಜ್ಞಾನಿ. ತಂದೆಯ ಬೃಹತ್ ಸಸ್ಯಗ್ರಂಥಕ್ಕೆ ಚಿತ್ರಗಳನ್ನು ಬರೆಯುತ್ತಲೇ ಮಗನ ಕಣ್ಣು ಪಳಗಿತು. ಆರ್ಕಿಡ್‌ಗಳ ಪರಾಗವನ್ನು ಕುರಿತ ಪ್ರಬಂಧಕ್ಕೆ 1852ರಲ್ಲಿ ಡಾಕ್ಟರೇಟ್ ಲಭಿಸಿತು. 1863ರಲ್ಲಿ ಹ್ಯಾಂಬರ್ಗ್ ಸಸ್ಯೋದ್ಯಾನದ ನಿರ್ದೇಶಕರಾದರು. ಎರಡೇ ವರ್ಷಗಳಲ್ಲಿ ಇಂಗ್ಲೆಂಡಿನ ಜಾನ್ ಲಿಂಡ್ಲಿ ತೀರಿಕೊಂಡಾಗ ಆರ್ಕಿಡ್ ಲೋಕದ ಹಿರಿತನ ಇವರ ಪಾಲಿಗೆ ಬಂತು.

ಅದು ಯೂರೋಪಿನ ಸಿರಿವಂತರಿಗೆ ಆರ್ಕಿಡ್ ಹುಚ್ಚು ಹಿಡಿದಿದ್ದ ಕಾಲ. ಕಾಡುಗಳಿಂದ ತಂದ ಸಾವಿರಾರು ಗಿಡಗಳ ನಡುವೆ ಎಲ್ಲೋ ಒಂದು, ತನ್ನ ಜಾತಿಯ ಬಣ್ಣವನ್ನು ಬಿಟ್ಟು ಅರಳುತ್ತಿತ್ತು. ನೇರಳೆ ಹೂವಿನ ಕ್ಯಾಟ್ಲಿಯಾದಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ಉತ್ಪತ್ತಿಯಾಗದಿದ್ದರೆ ಹೂ ಬಿಳಿಯಾಗುತ್ತದೆ, ಅದು 'ಆಲ್ಬಾ'. ನೀಲಿಯ ಛಾಯೆ ಬಂದರೆ 'ಸೆರೂಲಿಯಾ'. ಅಂಥ ಗಿಡದ ಒಡೆಯನು ಹೂವನ್ನು ಹ್ಯಾಂಬರ್ಗಿಗೆ ಕಳುಹಿಸುವನು. ರೈಖೆನ್‌ಬಾಖರು ಅದನ್ನು ಪರೀಕ್ಷಿಸಿ ಲಂಡನ್ನಿನ 'ಗಾರ್ಡನರ್ಸ್ ಕ್ರಾನಿಕಲ್' ಪತ್ರಿಕೆಯಲ್ಲಿ ವರ್ಣಿಸಿ ಹೆಸರು ಕೊಡುವರು. ಹೆಸರು ಬಂದ ಗಿಡದ ಬೆಲೆಯೂ ಏರುತ್ತಿತ್ತು. ಹ್ಯಾಂಬರ್ಗಿನ ಶಿಲ್ಲರ್ ಹೆಸರಿನಲ್ಲಿ ಫಲೆನಾಪ್ಸಿಸ್ ಶಿಲ್ಲೇರಿಯಾನಾ, ವ್ಯಾಪಾರಿ ಫ್ರೆಡರಿಕ್ ಸ್ಯಾಂಡರ್ ಹೆಸರಿನಲ್ಲಿ ವಾಂಡಾ ಸ್ಯಾಂಡೇರಿಯಾನಾ ಹುಟ್ಟಿದ್ದು ಅವರ ಲೇಖನಿಯಿಂದಲೇ. ಸ್ಯಾಂಡರ್ ತಮ್ಮ ಸಚಿತ್ರ ಬೃಹದ್ಗ್ರಂಥಕ್ಕೆ 'ರೈಖೆನ್‌ಬಾಖಿಯಾ' ಎಂದು ಹೆಸರಿಟ್ಟು ಋಣ ತೀರಿಸಿದರು. ಒಂದೇ ಗಿಡದ ಒಂದೇ ಹೂವನ್ನು ನೋಡಿ ಹೊಸ ಬಗೆಯೆಂದು ಸಾರುವುದರಲ್ಲಿ ಅವರು ಸ್ವಲ್ಪ ಧಾರಾಳಿಯಾಗಿದ್ದರೆಂದೇ ನನ್ನ ಅಭಿಪ್ರಾಯ. ಅಂಥ ಎಷ್ಟೋ ಹೆಸರುಗಳು ಮುಂದೆ ಮೂಲಜಾತಿಯಲ್ಲೇ ಲೀನವಾದವು. 1959ರಿಂದೀಚೆಗೆ ತೋಟದ ತಳಿಗೆ ಲ್ಯಾಟಿನ್ ರೂಪದ ಹೊಸ ಹೆಸರಿಡಲು ನಿಯಮದಲ್ಲಿ ಅವಕಾಶವೂ ಇಲ್ಲ.

ಹೆಸರಿಗೆ ಆಧಾರ ಒಣಗಿಸಿಟ್ಟ ಮೂಲ ಮಾದರಿ. ಸಂಶಯ ಬಂದಾಗ ಅದನ್ನು ತೆಗೆದು ನೋಡಬೇಕು. ರೈಖೆನ್‌ಬಾಖರ ಮುದ್ರಿತ ವರ್ಣನೆಗಳೋ ಬಹಳ ಚುಟುಕು, ಅನೇಕಕ್ಕೆ ಚಿತ್ರವೂ ಇಲ್ಲ. ಹೀಗಿರುವಾಗ 1889ರ ಮೇ 6ರಂದು ಅವರು ನಿಧನರಾದರು. ಉಯಿಲನ್ನು ತೆರೆದಾಗ ಎಲ್ಲರೂ ದಿಗ್ಭ್ರಮೆಗೊಂಡರು. ಇಡೀ ಸಂಗ್ರಹ ವಿಯೆನ್ನಾದ ವಸ್ತುಸಂಗ್ರಹಾಲಯಕ್ಕೆ. ಆದರೆ 25 ವರ್ಷಗಳ ಕಾಲ ಯಾರೂ ಅದನ್ನು ತೆರೆಯಕೂಡದು! ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಆರ್ಕಿಡ್ ಕೆಲಸಕ್ಕೆ ರಾಬರ್ಟ್ ಅಲೆನ್ ರೋಲ್ಫ್ ಎಂಬ ಕಿರಿಯರು ನೇಮಕಗೊಂಡದ್ದರ ಮೇಲಿನ ಮುನಿಸೇ ಕಾರಣವೆಂದು ಹೇಳುವುದುಂಟು. ಬ್ಯಾಂಕಿನ ಲಾಕರಿಗೆ ಕೂಡ ನಾಮಿನಿಯೆಂಬವನೊಬ್ಬನಿರುತ್ತಾನೆ. ಇಲ್ಲಿ ವಾರಸುದಾರನ ಕೈಗೇ ಬೀಗ ಬಿತ್ತು.

ಪರಿಣಾಮ ಕೆಟ್ಟದ್ದೇ ಆಯಿತು. ಮೂಲ ಮಾದರಿಯನ್ನು ನೋಡಲಾಗದ ವಿದ್ವಾಂಸರು ಅವರು ಹೆಸರಿಟ್ಟಿದ್ದ ಗಿಡಗಳಿಗೇ ತಿಳಿಯದೆ ಮತ್ತೆ ಹೆಸರಿಟ್ಟರು. ಒಂದೇ ಹೂವಿಗೆ ಎರಡು ಹೆಸರುಗಳಾದವು. ರೋಲ್ಫ್ ಮಾತ್ರ ಎದೆಗುಂದದೆ 1893ರಲ್ಲಿ 'ಆರ್ಕಿಡ್ ರಿವ್ಯೂ' ಪತ್ರಿಕೆಯನ್ನು ಆರಂಭಿಸಿ, 1921ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. 1914ರಲ್ಲಿ ಅವಧಿ ಮುಗಿದು ಪೆಟ್ಟಿಗೆಗಳು ತೆರೆಯುವ ಹೊತ್ತಿಗೆ ಮಹಾಯುದ್ಧವೂ ಬಾಗಿಲಿಗೆ ಬಂದಿತ್ತು.

ರುಡಾಲ್ಫ್ ಶ್ಲೆಕ್ಟರ್ ಬರ್ಲಿನ್ನಿನಲ್ಲಿ ಕೂಡಿಹಾಕಿದ್ದ ಆರ್ಕಿಡ್ ಸಂಗ್ರಹ 1943ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ರೈಖೆನ್‌ಬಾಖರದು ವಿಯೆನ್ನಾದಲ್ಲಿ ಉಳಿದಿದೆ. ಒಣಗಿದ ಹೂಗಳ ಬಣ್ಣ ಎಂದೋ ಮಾಸಿದೆ; ಪಕ್ಕದಲ್ಲಿ ಅವರು ಬರೆದ ರೇಖಾಚಿತ್ರಗಳೂ ಓದಲು ತಿಣುಕಬೇಕಾದ ಅವರ ಕೈಬರಹವೂ ಇವೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅವರಿಟ್ಟ ಹೆಸರುಗಳ ಮುಂದೆ ಕುಲನಾಮದ ಸಂಕ್ಷೇಪವೂ ಅದರ ಜೊತೆಗೆ 'ಎಫ್' ಎಂಬ ಒಂದಕ್ಷರವೂ ಇಂದಿಗೂ ಅಚ್ಚಾಗುತ್ತವೆ. ತಂದೆಯಿಂದ ಬೇರೆಯಾಗಿ ಗುರುತಿಸಲು ಸೇರಿಸಿದ ಆ ಅಕ್ಷರಕ್ಕೆ ಲ್ಯಾಟಿನ್ನಿನಲ್ಲಿ ಮಗ ಎಂದು ಅರ್ಥ.