ಎಡ್ವರ್ಡ್ ಎಮರ್ಸನ್ ಬರ್ನಾರ್ಡ್: ನೀಹಾರಿಕೆಗಳ ಛಾಯಾಗ್ರಾಹಕ

ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ 1857ರ ಡಿಸೆಂಬರ್ 16ರಂದು ಬರ್ನಾರ್ಡನು ಜನಿಸಿದನು. ಮಗು ಕಣ್ಣು ತೆರೆಯುವ ಮೊದಲೇ ತಂದೆ ತೀರಿಕೊಂಡಿದ್ದನು. ಇಬ್ಬರು ಗಂಡುಮಕ್ಕಳನ್ನು ತಾಯಿ ಕಡುಬಡತನದಲ್ಲಿ ಸಾಕಿದಳು. ಬಾಲ್ಯದಲ್ಲಿ ಆತ ಶಾಲೆಗೆ ಹೋದದ್ದು ಎರಡೇ ತಿಂಗಳು. ಪ್ರಸಾದನಿಲಯಗಳಲ್ಲಿ ಉಂಡು ಓದಿ ಮೇಲೆ ಬಂದವರಿಗೆ ಈ ಮಾತಿನ ಭಾರ ಬೇಗ ತಿಳಿದೀತು.

ಒಂಬತ್ತು ತುಂಬುವ ಮೊದಲೇ ಆತ ಒಂದು ಛಾಯಾಚಿತ್ರಾಲಯದಲ್ಲಿ ಕೆಲಸಕ್ಕೆ ನಿಂತನು. ಚಿತ್ರಗಳನ್ನು ಹಿಗ್ಗಿಸಲು ಆಗ ಸೂರ್ಯನ ಬೆಳಕೇ ಬೇಕಾಗಿತ್ತು. ಅದಕ್ಕಾಗಿದ್ದ ಭಾರಿ ಯಂತ್ರವನ್ನು ದಿನವಿಡೀ ಸೂರ್ಯನ ಕಡೆಗೆ ತಿರುಗಿಸುತ್ತಿರುವುದೇ ಬಾಲಕನ ಕೆಲಸ. ಮೊದಲಿದ್ದ ಹುಡುಗರು ತೂಕಡಿಸುತ್ತಿದ್ದರಂತೆ, ಈತ ತೂಕಡಿಸಲಿಲ್ಲ. ಮುಂದಿನ ಸಾಧನೆಗೆಲ್ಲ ಬುನಾದಿ ಬಿದ್ದದ್ದು ಇಲ್ಲಿಯೇ ಎಂದು ನನ್ನ ಭಾವನೆ. ಸಂಬಳದಲ್ಲಿ ಉಳಿಸಿ 380 ಡಾಲರಿಗೆ ದೂರದರ್ಶಕವೊಂದನ್ನು ಕೊಂಡನು. ಧೂಮಕೇತುಗಳನ್ನು ಕಂಡುಹಿಡಿದು, ಬಂದ ಬಹುಮಾನದ ಹಣದಿಂದ ಮನೆ ಕಟ್ಟಿದನು. 1883ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಆತನಿಗೆ ಆಶ್ರಯವಿತ್ತಿತು. 1888ರ ಹೊತ್ತಿಗೆ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯ ಸೇರಿದ್ದನು.

ಅಲ್ಲಿ ಮಸೂರದ ದೂರದರ್ಶಕಗಳಲ್ಲಿ ಆಗ ಜಗತ್ತಿನಲ್ಲೇ ದೊಡ್ಡದಾದ 36 ಅಂಗುಲದ ದೂರದರ್ಶಕವಿತ್ತು. ಆದರೆ ಅದಕ್ಕೆ ಕಾಣುವುದು ಬಾನಿನ ಒಂದು ಚೂರು ಮಾತ್ರ. ಹಲವು ಚಂದ್ರರಷ್ಟು ಅಗಲ ಹರಡಿದ ನೀಹಾರಿಕೆಗಳನ್ನು ಹಿಡಿಯಲು ಅಗಲನೋಟದ ಮಸೂರ ಬೇಕು. ಜನರ ಭಾವಚಿತ್ರ ತೆಗೆಯಲೆಂದು ಮಾಡಿದ 6 ಅಂಗುಲದ ಹಳೆಯ ವಿಲ್ಲರ್ಡ್ ಮಸೂರವನ್ನು ಕ್ಯಾಮೆರಾಕ್ಕೆ ಅಳವಡಿಸಿ, ಅದನ್ನು ದೂರದರ್ಶಕವೊಂದಕ್ಕೆ ಬಿಗಿದು, 1889ರಿಂದ ಆತ ಆಕಾಶಗಂಗೆಯನ್ನು ಚಿತ್ರಿಸತೊಡಗಿದನು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತವೆ, ಗಡಿಯಾರಯಂತ್ರವೊಂದನ್ನೇ ನಂಬುವಂತಿರಲಿಲ್ಲ. ಚಳಿಯಲ್ಲಿ ಗಂಟೆಗಟ್ಟಲೆ ಕುಳಿತು, ಒಂದು ತಾರೆಯನ್ನು ದೂರದರ್ಶಕದ ಅಡ್ಡಗೆರೆಗಳ ಮೇಲಿಂದ ಕದಲದಂತೆ ಕಾಯಬೇಕು. ಕಣ್ಣು ಸೋತರೆ ಗಾಜಿನ ಫಲಕವೂ ಆ ರಾತ್ರಿಯೂ ವ್ಯರ್ಥ.

1894ರಲ್ಲಿ ಚಿತ್ರದೀಪದ ಒಂದೂವರೆ ಅಂಗುಲದ ಅಗ್ಗದ ಮಸೂರದಿಂದಲೇ ಮಹಾವ್ಯಾಧ ನಕ್ಷತ್ರಪುಂಜವನ್ನು ಬಳಸಿದ ಮಸುಕಾದ ಬೃಹತ್ ಕಮಾನನ್ನು ಸೆರೆಹಿಡಿದನು. ಪಿಕರಿಂಗ್ ಅದನ್ನು ಮೊದಲೇ ಚಿತ್ರಿಸಿದ್ದನಾದರೂ ಇಂದು ಅದಕ್ಕೆ ಬರ್ನಾರ್ಡನ ಹೆಸರೇ ನಿಂತಿದೆ.

1895ರಲ್ಲಿ ಯರ್ಕ್ಸ್ ವೀಕ್ಷಣಾಲಯಕ್ಕೆ ಬಂದನು. ಕ್ಯಾಥರೀನ್ ಬ್ರೂಸ್ ಎಂಬ ಮಹಿಳೆ ನೀಡಿದ 7,000 ಡಾಲರ್ ದಾನದಿಂದ 10 ಅಂಗುಲದ ಛಾಯಾಗ್ರಾಹಕ ದೂರದರ್ಶಕ ಸಿದ್ಧವಾಯಿತು. 1905ರಲ್ಲಿ ಅದನ್ನು ಮೌಂಟ್ ವಿಲ್ಸನ್‌ಗೆ ಒಯ್ದು ತಿಂಗಳುಗಟ್ಟಲೆ ದುಡಿದನು.

ಆತನನ್ನು ಕಾಡಿದ್ದು ಫಲಕಗಳ ಮೇಲಿನ ಕಪ್ಪು ಕಲೆಗಳು. ನಕ್ಷತ್ರಗಳಿಲ್ಲದ ಬರಿಯ ಕಂಡಿಗಳು ಅವೆಂದು ಬಹುಕಾಲ ನಂಬಿದ್ದನು. ಆ ನಂಬಿಕೆಯನ್ನು ಸುಲಭವಾಗಿ ಬಿಡಲಿಲ್ಲ. 1913ರ ಬೇಸಗೆಯ ಒಂದು ಇರುಳು, ಆಕಾಶಗಂಗೆಯ ಬೆಳಕಿಗೆ ಅಡ್ಡ ಬಂದ ಪುಟ್ಟ ಮೋಡಗಳು ಮಸಿಯಂತೆ ಕಪ್ಪಾಗಿ ತೋರಿದವು. ತನ್ನ ಫಲಕಗಳ ಕಲೆಗಳೂ ಹೀಗೆಯೇ ಇದ್ದವಲ್ಲವೇ! 1919ರಲ್ಲಿ ಅಂತಹ 182 ಕಪ್ಪು ತಾಣಗಳ ಪಟ್ಟಿಯನ್ನು ಪ್ರಕಟಿಸಿದನು. ಅವುಗಳಲ್ಲಿ ಹೆಚ್ಚಿನವು ಹಿಂದಿನ ಬೆಳಕನ್ನು ತಡೆಯುವ ದೂಳಿನ ಮೇಘಗಳೆಂದು ಇಂದು ತಿಳಿದಿದೆ.

ಆಕಾಶಗಂಗೆಯ ಚಿತ್ರಸಂಪುಟಕ್ಕೆ 50 ಚಿತ್ರಗಳನ್ನು ಆರಿಸಿದನು. ಮುದ್ರಣಯಂತ್ರದ ಪ್ರತಿಗಳು ಆತನಿಗೆ ಒಪ್ಪಿಗೆಯಾಗಲಿಲ್ಲ. ನಿಜವಾದ ಛಾಯಾಚಿತ್ರಗಳನ್ನೇ ತೆಗೆಸಿ, ಸುಮಾರು 35,000 ಪ್ರತಿಗಳನ್ನು ಒಂದೊಂದಾಗಿ ತಾನೇ ಪರಿಶೀಲಿಸಿದನು. ಸಂಪುಟ ಮುಗಿಯುವ ಮುನ್ನ, 1923ರ ಫೆಬ್ರವರಿ 6ರಂದು ಕಾಲವಾದನು. ವೀಕ್ಷಣಾಲಯದ ನಿರ್ದೇಶಕ ಫ್ರಾಸ್ಟ್ ಮತ್ತು ಬರ್ನಾರ್ಡನ ಪತ್ನಿಯ ಸೋದರಸಂಬಂಧದ ಮಗಳೂ ಸಹಾಯಕಿಯೂ ಆಗಿದ್ದ ಮೇರಿ ಕ್ಯಾಲ್ವರ್ಟ್ ಉಳಿದ ಕೆಲಸವನ್ನು ಪೂರೈಸಿ, 1927ರಲ್ಲಿ ಅದನ್ನು ಬೆಳಕಿಗೆ ತಂದರು.