ಗಾಳ ಹಿಡಿದ ಕಲೆಕ್ಟರರು

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷವೂ ಒಬ್ಬಿಬ್ಬರು ಹಿರಿಯರ ಜೀವನಚಿತ್ರಗಳು ಬರುವುದುಂಟು. ಕವಿಗಳು, ಸಂತರು, ದೇಶಭಕ್ತರು ಇವರ ವಿಷಯವಾಗಿ ನನಗಿಂತ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುವರು. ಈ ಸಲ ನಾನು ಆರಿಸಿಕೊಂಡವರು ಆ ಸಾಲಿಗೆ ಸೇರದ ಒಬ್ಬ ಆಂಗ್ಲ ಅಧಿಕಾರಿ. ಹೆಸರು ಹೆನ್ರಿ ಸಲಿವನ್ ಥಾಮಸ್. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರರಾಗಿದ್ದವರು. ಗಾಳ ಹಾಕುವವರ ಲೋಕದಲ್ಲಿ ಅವರ ಹೆಸರನ್ನು ಅರಿಯದವರು ವಿರಳ. ಅವರು ಅಧಿಕಾರ ನಡೆಸಿದ ಕನ್ನಡ ನಾಡಿನಲ್ಲಿ ಅರಿತವರೇ ವಿರಳ.

ಅವರ ಹೆಸರು ನನ್ನ ಕಿವಿಗೆ ಬಿದ್ದುದು ಒಂದು ಮೊಲದ ತೊಗಲಿನ ತುಂಡಿನಿಂದ. ಕಾರವಾರದಲ್ಲಿರುವ ನನ್ನ ಸೋದರಮಾವನಿಗೆ ಗಾಳದ ಹುಚ್ಚು. ಎರಡು ವರ್ಷಗಳ ಹಿಂದೆ ಬೇಸಿಗೆಯ ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ, ಅವರು ಮೇಜಿನ ಅಂಚಿಗೆ ಒಂದು ಪುಟ್ಟ ವೈಸ್ ಬಿಗಿದು, ಅದರ ಬಾಯಲ್ಲಿ ಕೊಕ್ಕೆಯನ್ನು ಸಿಕ್ಕಿಸಿ, ಸಾಕಿದ ಮೊಲದ ತುಪ್ಪಳದಿಂದ ಏನನ್ನೋ ಕಟ್ಟುತ್ತಿದ್ದರು. ಇದಕ್ಕೆ ಇಂಗ್ಲಿಷಿನಲ್ಲಿ ಫ್ಲೈ ಎನ್ನುವರು. ಮೊದಲು ನೊಣ, ಹುಳುಗಳನ್ನು ಹೋಲುವಂತೆ ಕಟ್ಟುತ್ತಿದ್ದುದರಿಂದ ಆ ಹೆಸರು ಬಂತು. ಈಗ ಸಣ್ಣ ಮೀನನ್ನು ಹೋಲುವಂತೆ ಕಟ್ಟಿದರೂ ಹೆಸರು ಅದೇ.

ಕಟ್ಟುವ ಕ್ರಮ ಕೇಳುವುದಕ್ಕೆ ಸುಲಭ. ತುಪ್ಪಳವಿರುವ ತೊಗಲನ್ನು ಮೂರು ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ, ಕೂದಲು ತುಂಡಾಗದಂತೆ, ತೊಗಲಿನ ಕಡೆಯಿಂದ ಕೊಯ್ಯಬೇಕು. ಉಪ್ಪುನೀರಿಗೆ ತುಕ್ಕು ಹಿಡಿಯದ ಉಕ್ಕಿನ ಕೊಕ್ಕೆಯೇ ಆಗಬೇಕು. ಅದರ ಮೇಲೆ ದಾರ ಸುತ್ತಿ, ಕೆಳಗೆ ಬಿಳಿಯ ಪಟ್ಟಿಯನ್ನೂ ಮೇಲೆ ಕಪ್ಪು ಅಥವಾ ಕಂದು ಪಟ್ಟಿಯನ್ನೂ ಕೂದಲು ಬಾಲದ ಕಡೆಗೆ ಒರಗುವಂತೆ ಇಟ್ಟು, ತಲೆಯಲ್ಲೊಂದು ಬಾಲದ ಬುಡದಲ್ಲೊಂದು ಗಂಟು ಬಿಗಿದು, ತಲೆಗೆ ವಾರ್ನಿಷು ಹಚ್ಚಬೇಕು. ಬಾಲ ಉದ್ದವಾದರೆ ಬೀಸುವಾಗ ಕೊಕ್ಕೆಗೇ ಸುತ್ತಿಕೊಳ್ಳುತ್ತದೆ. ತೊಗಲು ನೀರು ಕುಡಿದು ಭಾರವಾಗುವುದರಿಂದ ದೂರ ಎಸೆಯುವುದೂ ಕಷ್ಟ. ಆದರೆ ನೀರಿನಲ್ಲಿ ಆ ತುಪ್ಪಳ ಹಿಗ್ಗಿ ಕುಗ್ಗಿ ಉಸಿರಾಡುವಂತೆ ಕಾಣುವುದನ್ನು ಒಮ್ಮೆ ನೋಡಿದವರು ಈ ಕಷ್ಟವನ್ನೆಲ್ಲ ಮರೆಯುವರು.

ಎರಡು ಬಣ್ಣ ಏತಕ್ಕೆಂದು ಮಾವನನ್ನು ಕೇಳಿದೆ. ಮೀನಿನ ಬೆನ್ನು ಕಪ್ಪಾಗಿರುವುದು, ಮೇಲಿನಿಂದ ನೋಡುವ ಹಕ್ಕಿಗೆ ಅದು ತಳದ ಕತ್ತಲೆಯಲ್ಲಿ ಬೆರೆತುಹೋಗಲೆಂದು. ಹೊಟ್ಟೆ ಬೆಳ್ಳಗಿರುವುದು, ಕೆಳಗಿನಿಂದ ನೋಡುವ ವೈರಿಗೆ ಆಕಾಶದ ಬೆಳಕಿನಲ್ಲಿ ಕರಗಲೆಂದು. ಇದನ್ನು ವಿವರಿಸಿದ ಮಾವ, ಮೀನನ್ನು ಮೋಸಗೊಳಿಸಬೇಕಾದರೆ ಮೊದಲು ಮೀನನ್ನು ಓದಬೇಕೆಂದೂ ನಮ್ಮ ಕರಾವಳಿಯ ಹೊಳೆಮೀನುಗಳನ್ನು ಹಾಗೆ ಓದಿದವರು ಥಾಮಸ್ ಸಾಹೇಬರೆಂದೂ ಹೇಳಿದರು. ಸಾಹೇಬರ ಕಾಲದಲ್ಲಿ ಇಂಥ ಮೊಲದ ಪಟ್ಟಿಯ ಫ್ಲೈ ರೂಢಿಯಲ್ಲಿರಲಿಲ್ಲ. ಅದು ಅಮೆರಿಕದಲ್ಲಿ 1970ರ ದಶಕದಿಂದ ಜನಪ್ರಿಯವಾಯಿತು. ಆಗಿನದು ಗರಿಗಳ ಕಾಲ. ನಮ್ಮ ಜೋಯಿಡಾ, ದಾಂಡೇಲಿಯ ಕಾಡಿನಲ್ಲಿ ಕೂಗುವ ಕಾಡುಕೋಳಿಯ ಕತ್ತಿನ ಗರಿಗೆ ಇಂಗ್ಲೆಂಡಿನ ಫ್ಲೈ ಕಟ್ಟುವವರಲ್ಲಿ ಎಷ್ಟೋ ಬೇಡಿಕೆಯಿತ್ತು. 1902ರಲ್ಲಿ ಕಾಡುಹಕ್ಕಿಗಳ ಗರಿಯ ರಫ್ತನ್ನು ಸರಕಾರ ನಿಷೇಧಿಸಿತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲಂತೂ ಕಾಡುಕೋಳಿಯನ್ನಾಗಲಿ ಕಾಡುಮೊಲವನ್ನಾಗಲಿ ಮುಟ್ಟುವಂತಿಲ್ಲ. ಸಾಕುಮೊಲದ ತೊಗಲಿಗೆ ಆ ತೊಡಕಿಲ್ಲ.

ಥಾಮಸ್ ಸಾಹೇಬರು ಮದರಾಸು ಸಿವಿಲ್ ಸರ್ವಿಸಿಗೆ ಸೇರಿದವರು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಆದುದರಿಂದ ನಮ್ಮ ಕಾಳೀನದಿ ಅವರ ಅಧಿಕಾರದ ಎಲ್ಲೆಯ ಹೊರಗಿತ್ತು. ಆದರೆ ಸಹ್ಯಾದ್ರಿಯಲ್ಲಿ ಹುಟ್ಟಿ ಪಡುವಣ ಕಡಲಿಗೆ ಧುಮುಕುವ ಹೊಳೆಗಳ ಸ್ವಭಾವ ಒಂದೇ. ನೇತ್ರಾವತಿಯ ಮೀನಿನ ವಿಷಯದಲ್ಲಿ ಸತ್ಯವಾದುದು ಬಹುಮಟ್ಟಿಗೆ ಕಾಳಿಗೂ ಸತ್ಯ.

ಕಂದಾಯ, ಖಟ್ಲೆ, ಜಮಾಬಂದಿಗಳ ನಡುವೆ ಅವರು ಬಿಡುವು ಮಾಡಿಕೊಂಡು ಹೊಳೆಗೆ ಹೋಗುತ್ತಿದ್ದರು. ಅವರ ಮನಸ್ಸನ್ನು ಸೆಳೆದ ಮೀನು ಮಹಶೀರ್. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸೆಣಸಾಟದಲ್ಲಿ ಇದು ತಮ್ಮ ನಾಡಿನ ಸಾಲ್ಮನ್ನಿಗಿಂತ ಮೇಲೆಂಬುದು ಅವರ ಅಭಿಪ್ರಾಯವಾಗಿತ್ತು. ತಮ್ಮ ದೇಶದ್ದೆಲ್ಲವೂ ಶ್ರೇಷ್ಠವೆಂದು ನಂಬಿದ್ದ ಆಳರಸರ ಕಾಲದಲ್ಲಿ ಇಂಥ ಮಾತಿಗೆ ಸ್ವಲ್ಪ ಧೈರ್ಯ ಬೇಕಾಗಿದ್ದಿರಬೇಕು. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿವೆ. ಕಚ್ಚಿದ ಕೊಕ್ಕೆಯನ್ನು ಅದು ಚಪ್ಪಟೆ ಮಾಡಬಲ್ಲುದು. ಅದು ಮೊಟ್ಟೆಗಳನ್ನೆಲ್ಲ ಒಮ್ಮೆಲೇ ಇಡದೆ ಕಂತು ಕಂತಾಗಿ ಇಡುವುದೆಂಬ ವಿಚಾರವನ್ನು ಮುಂದಿಟ್ಟವರೂ ಅವರೇ. ವಿಶ್ವವಿದ್ಯಾಲಯದ ಪ್ರಯೋಗಶಾಲೆಯಿಲ್ಲದೆ, ಹೊಳೆಯ ದಂಡೆಯಲ್ಲಿ ನಿಂತು ಕಣ್ಣಿನಿಂದ ಸಂಪಾದಿಸಿದ ತಿಳಿವಳಿಕೆ ಇದು. ಲಂಡನ್ನಿನ ಲಿನ್ನಿಯನ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಮಾಡಿಕೊಂಡಿತು.

ಗಾಳದಿಂದ ಆರಂಭವಾದ ಈ ಕುತೂಹಲ ಅವರನ್ನು ಬೇರೊಂದು ಕಡೆಗೆ ಒಯ್ದಿತು. ಮಳೆಗಾಲದಲ್ಲಿ ದೊಡ್ಡ ಮೀನುಗಳು ಮೊಟ್ಟೆಯಿಡಲು ಕಿರುಹಳ್ಳಗಳಿಗೆ ಏರುತ್ತವೆ. ನೀರು ಇಳಿಯುವಾಗ ಮರಿಗಳು ಅಲ್ಲಿಯೇ ಉಳಿಯುತ್ತವೆ. ಆ ಹೊತ್ತಿಗೆ ಸಣ್ಣ ಕಣ್ಣಿನ ಬಲೆಗಳೂ ಅಡ್ಡಗಟ್ಟಿದ ಬುಟ್ಟಿಗಳೂ ಬೆರಳುದ್ದದ ಮರಿಗಳನ್ನು ಬಾಚಿಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ಉಳಿದ ಮಡುಗಳಿಗೆ ವಿಷ ಬೀಳುತ್ತಿತ್ತು. 1870ರಲ್ಲಿ ಅವರು ದಕ್ಷಿಣ ಕನ್ನಡದ ಮೀನುಕೃಷಿಯನ್ನು ಕುರಿತು ಸರಕಾರಕ್ಕೆ ಒಂದು ವರದಿ ಬರೆದರು. ಅದರ ಹುರುಳು ಮೋಜಲ್ಲ, ಜನರ ಅನ್ನ. ಮರಿಯನ್ನು ಕೊಂದವರು ನಾಳಿನ ಊಟವನ್ನು ಇಂದೇ, ಅದೂ ಅರೆಹೊಟ್ಟೆಗೆ, ಉಂಡಂತಾಯಿತೆಂಬುದು ಅವರ ವಾದದ ತಿರುಳು.

1873ರಲ್ಲಿ ಅವರ ಪ್ರಸಿದ್ಧ ಗ್ರಂಥ 'ದಿ ರಾಡ್ ಇನ್ ಇಂಡಿಯಾ' ಮಂಗಳೂರಿನಲ್ಲಿಯೇ ಅಚ್ಚಾಯಿತು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದ ಊರೂ ಅದೇ ಎಂಬುದನ್ನು ನೆನೆದರೆ ಆ ಊರಿನ ಮೇಲೆ ಅಭಿಮಾನ ಹೆಚ್ಚುತ್ತದೆ. ಗಾಳದ ಕೋಲು, ದಾರ, ಕೊಕ್ಕೆಗಳ ವಿಚಾರ ಅದರಲ್ಲಿರುವಂತೆಯೇ ಮೀನುಗಳ ಜೀವನ, ಸಾಕಣೆ, ಬೆಲೆಗಳ ವಿಚಾರವೂ ಇದೆ. 1881ರಲ್ಲಿ ಲಂಡನ್ನಿನಲ್ಲಿ ಎರಡನೆಯ ಮುದ್ರಣವಾಯಿತು. 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತು 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಎಂಬ ಇನ್ನೊಂದು ಪುಸ್ತಕ ಬಂತು. ಮೊದಲನೆಯದು ದಾಂಡೇಲಿ, ಜೋಯಿಡಾಗಳಂಥ ಹೊಳೆಯ ಸೀಮೆಗೆ, ಎರಡನೆಯದು ಹಳಿಯಾಳ, ಮುಂಡಗೋಡಗಳಂಥ ಕೆರೆಯ ಸೀಮೆಗೆ ಬರೆದಂತಿವೆ ಎಂದು ನಾನು ಮಿತ್ರರಲ್ಲಿ ತಮಾಷೆಗೆ ಹೇಳುವುದುಂಟು. ಈ ನಡುವೆ ಅವರು ಮದರಾಸಿನ ರೆವಿನ್ಯೂ ಬೋರ್ಡಿನ ಸದಸ್ಯರಾಗಿ ದೊಡ್ಡ ಪದವಿಗೂ ಏರಿದ್ದರು.

ಅದೇ ಕಾಲದಲ್ಲಿ ವೈದ್ಯರೂ ಮತ್ಸ್ಯಶಾಸ್ತ್ರಜ್ಞರೂ ಆದ ಫ್ರಾನ್ಸಿಸ್ ಡೇ ಎಂಬವರು ದೇಶದ ಸಿಹಿನೀರಿನ ಮೀನುಗಾರಿಕೆಯನ್ನು ಪರೀಕ್ಷಿಸಿ 1873ರಲ್ಲಿ ದೊಡ್ಡ ವರದಿಯನ್ನು ಕೊಟ್ಟರು. ಸರಕಾರದ ಚಕ್ರ ಮೆಲ್ಲಗೆ ಉರುಳಿತು. ಕೊನೆಗೆ 1897ರಲ್ಲಿ ಇಂಡಿಯನ್ ಫಿಶರೀಸ್ ಆಕ್ಟ್ ಬಂತು. ಸಿಡಿಮದ್ದಿನಿಂದಾಗಲಿ ವಿಷದಿಂದಾಗಲಿ ಮೀನು ಕೊಲ್ಲುವುದು ಅಂದಿನಿಂದ ಅಪರಾಧವಾಯಿತು. ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿಯವರೆಗೆ ದಂಡ. ಈ ಕಾಯಿದೆ ಒಬ್ಬರ ಕೃತಿಯೆಂದು ಹೇಳಲಾಗದು. ಆದರೆ 27 ವರ್ಷ ಮೊದಲೇ ಆ ಕೂಗನ್ನು ಎತ್ತಿದವರಲ್ಲಿ ಮಂಗಳೂರಿನ ಕಲೆಕ್ಟರರೂ ಒಬ್ಬರು. ಅದೇ 1897ರಲ್ಲಿ ಅವರ ಗ್ರಂಥದ ಮೂರನೆಯ ಮುದ್ರಣವೂ ಹೊರಬಂದುದು ಒಂದು ಚೆಲುವಾದ ಯೋಗಾಯೋಗ.

ಸಾಹೇಬರನ್ನು ಬರಿದೆ ಹೊಗಳುವುದು ನನ್ನ ಉದ್ದೇಶವಲ್ಲ. ಅವರು ಪರದೇಶದ ಆಳ್ವಿಕೆಯ ಒಂದು ಅಂಗವಾಗಿದ್ದರು. ಬಡವನ ಬುಟ್ಟಿಬಲೆಯನ್ನು ತಪ್ಪೆಂದು ಬರೆಯುವುದು ಹೊಟ್ಟೆ ತುಂಬಿದ ಅಧಿಕಾರಿಗೆ ಸುಲಭ. ಅಲ್ಲದೆ ಮೀನು ಕಾಯುವ ಬುದ್ಧಿಯನ್ನು ನಮಗೆ ಆಂಗ್ಲರು ಕಲಿಸಬೇಕಾಗಿರಲಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಜನ ಅಕ್ಕಿ ಹಾಕಿ ಸಾಕುತ್ತ ಬಂದಿದ್ದಾರೆ. ಆದರೆ ಅದೇ ಶಿಶಿಲದಲ್ಲಿ 1996ರಲ್ಲಿ ದುಷ್ಟರು ನೀರಿಗೆ ವಿಷ ಬೆರೆಸಿ ಸಾವಿರಾರು ಮೀನುಗಳನ್ನು ಕೊಂದರು. ಅವುಗಳ ಸ್ಮಾರಕ ಈಗಲೂ ಅಲ್ಲಿದೆ. ಭಕ್ತಿಯೊಂದೇ ಸಾಲದು, ಕಾಯಿದೆಯೊಂದೇ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೇರೆಯವರನ್ನು ದುಷ್ಟರೆಂದು ಬರೆದ ಮೇಲೆ ನನ್ನದನ್ನೂ ಹೇಳಿಬಿಡಬೇಕು. ನನಗೆ ಆಗ ಹನ್ನೊಂದು ವರ್ಷ. ಜೋಯಿಡಾ ಕಡೆಯ ನಮ್ಮ ಅಜ್ಜಿಯ ಊರಿನಲ್ಲಿ, ಬೇಸಿಗೆಯಲ್ಲಿ, ನಾವು ಐದಾರು ಹುಡುಗರು ಕಾರೆಕಾಯಿ ಜಜ್ಜಿ ಹಳ್ಳದ ಮಡುವಿಗೆ ಹಾಕಿದೆವು. ಸ್ವಲ್ಪ ಹೊತ್ತಿನಲ್ಲಿ ಮಡುವೆಲ್ಲ ಬೆಳ್ಳಗಾಯಿತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಬುಟ್ಟಿಗೆ ಆರಿಸಿಕೊಂಡವು ಒಂದು ಹೊತ್ತಿನ ಸಾರಿಗೂ ಸಾಲಲಿಲ್ಲ. ಉಳಿದವು ಬೆರಳುದ್ದದ ಮರಿಗಳು, ಯಾರಿಗೂ ಬೇಡವಾಗಿ ಅಲ್ಲಿಯೇ ಕೊಳೆತವು. ಅಜ್ಜಿ ಬೈಯಲಿಲ್ಲ, ಆ ಸಾರನ್ನು ಉಣ್ಣಲೂ ಇಲ್ಲ. ಮರುವರ್ಷ ಹೋದಾಗ ಮಡುವಿನಲ್ಲಿ ನೀರಿತ್ತು, ಮೀನಿರಲಿಲ್ಲ. ಥಾಮಸ್ ಸಾಹೇಬರ ವರದಿಯ ವಿಷಯವನ್ನು ಮಾವ ಹೇಳುತ್ತಿದ್ದಾಗ, 1870ರಲ್ಲಿ ಯಾರೋ ನನ್ನ ಮೇಲೆಯೇ ಫಿರ್ಯಾದಿ ಬರೆದಿಟ್ಟಿದ್ದಾರೆಂದು ನನಗೆ ಅನ್ನಿಸಿತು.

ಆ ರಜೆಯಲ್ಲಿ ನಾನೂ ಫ್ಲೈ ಕಟ್ಟುವುದನ್ನು ಕಲಿತೆ. ನಮ್ಮ ಕಡೆಯ ಕಾಡು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಗಾಳ ಹಾಕುವಂತಿಲ್ಲ, ಹಾಕಲೂಬಾರದು. ಆದುದರಿಂದ ನನ್ನ ಎರಡು ಬಣ್ಣದ ಫ್ಲೈ ಹೋಗುವುದು ಸದಾಶಿವಗಡದ ಕೆಳಗೆ, ಕಾಳಿ ಕಡಲನ್ನು ಸೇರುವ ಉಪ್ಪುನೀರಿಗೆ. ಅಲ್ಲಿ ಕೊಂಕಣಿಗರು ಚೊಣಕ ಎಂದು ಕರೆಯುವ ಮೀನಿದೆ. ಮಹಶೀರ್ ಮೊಟ್ಟೆಯಿಡಲು ಮೇಲಿನ ಹಳ್ಳಗಳಿಗೆ ಏರಿದರೆ, ಚೊಣಕ ಹೊಳೆಯಿಂದ ಉಪ್ಪುನೀರಿಗೆ ಇಳಿಯುತ್ತದೆ. ಇಬ್ಬರಿಗೂ ಹರಿಯುವ ಹೊಳೆ ಬೇಕು. ಸೂಪಾದಿಂದ ಕದ್ರಾದವರೆಗೆ ಕಟ್ಟಿದ ಅಣೆಕಟ್ಟುಗಳು ನಾಡಿಗೆ ವಿದ್ಯುತ್ತನ್ನು ಕೊಟ್ಟಿವೆ. ಮೀನಿನ ದಾರಿಯನ್ನು ಮುಚ್ಚಿವೆ. ಈ ಸಂಕಟ ಥಾಮಸ್ ಸಾಹೇಬರ ಕಾಲದ ಬಲೆ, ಬುಟ್ಟಿಗಳಿಗಿಂತ ದೊಡ್ಡದು. ಇದಕ್ಕೆ ವರದಿ ಬರೆಯಬೇಕಾದವರು ನಮ್ಮ ಕಾಲೇಜುಗಳಿಂದಲೇ ಹೊರಬರಬೇಕು.

ಎರಡು ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಮೂರೇ ಚೊಣಕ. ಒಂದನ್ನು ಮನೆಗೆ ಒಯ್ದೆವು. ಇನ್ನೂ ಎಳೆಯವಾಗಿದ್ದ ಎರಡರ ಬಾಯಿಂದ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ವಿಷಕ್ಕೆ ಈ ಆಯ್ಕೆಯಿಲ್ಲ, ಸಿಡಿಮದ್ದಿಗೂ ಇಲ್ಲ. ಒಂದು ಗಾಳ ಒಂದೇ ಮೀನನ್ನು ಹಿಡಿಯುತ್ತದೆ. ಹಿಡಿದ ಮೇಲೆ ಬಿಡುವ ಸ್ವಾತಂತ್ರ್ಯವನ್ನು ಹಿಡಿದವನಿಗೆ ಉಳಿಸುತ್ತದೆ. ಮೀನನ್ನು ವಂಚಿಸಲೆಂದು ಅದನ್ನು ಅಭ್ಯಾಸ ಮಾಡಿದ ಮನುಷ್ಯ ಕೊನೆಗೆ ಅದರ ವಕೀಲರಾದರು. ಅವರ ಚರಿತ್ರೆಯಿಂದ ನಾನು ಕಲಿತುದು ಇಷ್ಟೇ. ಅಜ್ಜಿಯ ಊರಿನ ಮಡುವಿನಲ್ಲಿ ಕಳೆದ ಮಳೆಗಾಲದ ಅನಂತರ ಸಣ್ಣ ಮರಿಗಳು ಕಾಣಿಸಿಕೊಂಡಿವೆಯೆಂದು ಸುದ್ದಿ ಬಂದಿದೆ. ಈ ಬೇಸಿಗೆಯಲ್ಲಿ ಹೋಗಿ ನೋಡಬೇಕೆಂದಿದ್ದೇನೆ, ಗಾಳವಿಲ್ಲದೆ.