ಮರಳಿನ ಮೇಲೆ ಕಲಿತ ಪಾಠ

ಅಡ್ಯಾರ್‌ನ ನಮ್ಮ ಮನೆಯಲ್ಲಿ ಭಾನುವಾರಗಳಂದು ಕನ್ನಡ ಕಲಿಸುತ್ತೇನೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಅಕ್ಷರ ತಿದ್ದಿಸುವಾಗ ನನಗೆ ಆಂಡ್ರ್ಯೂ ಬೆಲ್ ನೆನಪಾಗುತ್ತಾರೆ.

ಬೆಲ್ 1753ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಹುಟ್ಟಿದರು. ತಂದೆ ಕ್ಷೌರಿಕರು. ಮಗ ಓದಿ, ಅಮೆರಿಕದಲ್ಲಿ ಮನೆಪಾಠ ಹೇಳಿ, ಆಮೇಲೆ ಪಾದ್ರಿಯಾದರು. 1787ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೈನ್ಯದ ಪಾದ್ರಿಯಾದರು. 1789ರಲ್ಲಿ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಹೊಣೆ ಹೊತ್ತರು. ಅದಕ್ಕೆ ಸಂಬಳ ಬೇಡವೆಂದರು.

ಒಂದು ಬೆಳಿಗ್ಗೆ ಕುದುರೆಯ ಮೇಲೆ ಹೋಗುತ್ತಿದ್ದಾಗ, ಇಲ್ಲಿನ ಮಕ್ಕಳು ಶಾಲೆಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ಬರೆಯುವುದನ್ನು ಕಂಡರು. ನಮ್ಮ ಅಜ್ಜಂದಿರೂ ಹಾಗೆಯೇ ಕಲಿತವರಲ್ಲವೇ! ತಮ್ಮ ಮೇಷ್ಟ್ರುಗಳು ಒಪ್ಪದಿದ್ದಾಗ, ಸಿಪಾಯಿಯೊಬ್ಬನ ಮಗ, ಎಂಟು ವರ್ಷದ ಜಾನ್ ಫ್ರಿಸ್ಕೆನ್‌ಗೆ ಅಕ್ಷರಮಾಲೆಯ ತರಗತಿ ಒಪ್ಪಿಸಿದರು. ಹುಡುಗ ಗೆದ್ದ. ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮ ಹಾಗೆ ಬೆಳೆಯಿತು.

1796ರಲ್ಲಿ ಹಿಂತಿರುಗಿದ ಬೆಲ್ ಮರುವರ್ಷ ಪುಸ್ತಕ ಬರೆದರು. ಇಂಗ್ಲೆಂಡಿನ ಸಾವಿರಾರು ಶಾಲೆಗಳು ಈ 'ಮದರಾಸು ಪದ್ಧತಿ'ಯನ್ನು ಹಿಡಿದವು. ಅವರ ಮದುವೆ ಮಾತ್ರ ಬಾಳಲಿಲ್ಲ. ಗಳಿಸಿದ್ದನ್ನು ಶಿಕ್ಷಣಕ್ಕೆ ಬಿಟ್ಟು 1832ರಲ್ಲಿ ತೀರಿಕೊಂಡರು. ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿದೆ. ಹುಟ್ಟೂರಿನ ಶಾಲೆಗೆ ಇಂದಿಗೂ ಮದ್ರಾಸ್ ಕಾಲೇಜ್ ಎಂದೇ ಹೆಸರು.

ಮರಳು ಹರವಿದ ಮೇಷ್ಟ್ರಿಗೆ ಸಮಾಧಿಯ ಕಲ್ಲಿಲ್ಲ. ನನ್ನ ಭಾನುವಾರದ ತರಗತಿ ಅವರಿಗೆ ನನ್ನ ನಮಸ್ಕಾರ.